ಕಾಲೇಜು ಪತ್ರಿಕೆಯಲ್ಲಿ ಕೊನೆಯ ಮಾತು ಯಾರದು?

ಕಾಲೇಜಿನಲ್ಲಿ ಪತ್ರಿಕೆ ತರುತ್ತೀರಾ? ಮೊದಲ ಸಂಚಿಕೆಗೂ ಮುಂಚೆ ಒಂದು ವಿಷಯ ಬರೆದಿಟ್ಟುಕೊಳ್ಳಿ: ಅಚ್ಚಿಗೆ ಹೋಗುವ ಪುಟಕ್ಕೆ ಬೇಡ ಅನ್ನುವ ಅಧಿಕಾರ ಯಾರಿಗಿದೆ? ಬಾಯಿಮಾತು ಸಾಲದು. "ಬರೀರಿ, ನಾನಿದ್ದೀನಿ" ಅಂದ ಪ್ರಿನ್ಸಿಪಾಲರು ಮುಂದಿನ ವರ್ಷ ವರ್ಗವಾಗಿ ಹೋಗಿರುತ್ತಾರೆ.

1983ರಲ್ಲಿ ಅಮೆರಿಕದ ಮಿಸೌರಿಯ ಹೇಜಲ್‌ವುಡ್ ಈಸ್ಟ್ ಹೈಸ್ಕೂಲಿನಲ್ಲಿ ಪ್ರಿನ್ಸಿಪಾಲರು ವಿದ್ಯಾರ್ಥಿ ಪತ್ರಿಕೆಯ ಎರಡು ಪುಟ ಕಿತ್ತುಹಾಕಿದರು. ಹದಿಹರೆಯದ ಬಸಿರು, ಅಪ್ಪ ಅಮ್ಮನ ವಿಚ್ಛೇದನದ ಬಗ್ಗೆ ಅದರಲ್ಲಿ ಲೇಖನಗಳಿದ್ದವು. ಮಕ್ಕಳು ಕೋರ್ಟಿಗೆ ಹೋದರು, ಆದರೆ 1988ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಯ ಪರ ನಿಂತಿತು. ಪತ್ರಿಕೆ ತರಗತಿಯ ಪಾಠದ ಭಾಗ, ಹಾಗಾಗಿ ಶಾಲೆಗೆ ಹಿಡಿತವಿದೆ ಅನ್ನುವುದು ತೀರ್ಪಿನ ತಿರುಳು. ನಮ್ಮ ಪತ್ರಿಕೋದ್ಯಮ ವಿಭಾಗಗಳ ಪ್ರಾಯೋಗಿಕ ಪತ್ರಿಕೆಗಳೂ ಹೀಗೇ ಅಲ್ವಾ? ದುಡ್ಡು ವಿಭಾಗದ್ದು, ಅಂಕ ಮೇಷ್ಟ್ರ ಕೈಯಲ್ಲಿ. ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ಅಲಿಗೇಟರ್' 1973ರಲ್ಲಿ ಕ್ಯಾಂಪಸ್ಸಿನಿಂದಲೇ ಹೊರಬಂದು ಸ್ವತಂತ್ರವಾಯಿತು. ನಿಮಗೆ ಅಷ್ಟು ಆಗದಿರಬಹುದು. ಅರ್ಧ ಪುಟದ ಒಪ್ಪಂದವಂತೂ ಆಗುತ್ತದೆ: ಮೇಷ್ಟ್ರು ಸಲಹೆ ಕೊಡಬಹುದು, ಕೊನೆಯ ಮಾತು ವಿದ್ಯಾರ್ಥಿ ಸಂಪಾದಕರದು, ಸುದ್ದಿ ತಡೆಯುವುದಾದರೆ ಕಾರಣ ಬರೆದು ಕೊಡಬೇಕು. ಸಹಿ ಹಾಕಿಸಿ.

ಇನ್ನು ಓದುಗರ ವಿಷಯ. ಸ್ವಾತಂತ್ರ್ಯ ಜಾಸ್ತಿ ಸೋರಿಹೋಗುವುದು ಇಲ್ಲೇ, ಯಾಕೆಂದರೆ ಯಾರೋ ಸಿಟ್ಟಾದ ಕೂಡಲೇ ಸುದ್ದಿ ಹಿಂದಕ್ಕೆ ತೆಗೆದುಕೊಳ್ಳುವ ತಂಡಕ್ಕೂ ಯಾರ ಮಾತನ್ನೂ ಕೇಳದ ತಂಡಕ್ಕೂ ಕಾಲೇಜಿನಲ್ಲಿ ಬೆಲೆ ಉಳಿಯುವುದಿಲ್ಲ.

ದೂರು ಬಂದರೆ ಮೊದಲು ಕೇಳಬೇಕಾದ್ದು, "ಯಾವ ಸಾಲು ತಪ್ಪು?" ವಾರ್ಡನ್ ಫೋನ್ ಮಾಡಿ "ಹಾಸ್ಟೆಲ್ ಊಟದ ಸುದ್ದಿ ತೆಗೀರಿ" ಅಂದರೂ ಇದೇ ಪ್ರಶ್ನೆ, ಇದೇ ಮರ್ಯಾದೆಯಲ್ಲಿ. ಸಾಲು ತೋರಿಸಿದರೆ ವರದಿಗಾರರ ನೋಟ್ಸ್ ತೆಗೆದು ನೋಡಿ. ತಪ್ಪಿದ್ದರೆ ಮುಂದಿನ ಸಂಚಿಕೆಯಲ್ಲಿ, ಅದೇ ಪುಟದಲ್ಲಿ, ಏನು ತಪ್ಪಿತ್ತು ಮತ್ತು ಸರಿ ಯಾವುದು ಅಂತ ಎರಡೂ ಬರೆಯಿರಿ. ಸುಮ್ನೆ "ಕಣ್ತಪ್ಪಿಗೆ ವಿಷಾದಿಸುತ್ತೇವೆ" ಅಂದರೆ ಓದುಗರಿಗೆ ಏನೂ ತಿಳಿಯುವುದಿಲ್ಲ. ತಪ್ಪು ಸಿಗದಿದ್ದರೆ ಸುದ್ದಿ ಹಾಗೇ ಇರಲಿ, ಅವರ ಉತ್ತರಕ್ಕೆ ಜಾಗ ಕೊಡಿ.

ಅಭಿಪ್ರಾಯ ಬೇರೆ. ನಿಮ್ಮ ಸಂಪಾದಕೀಯವನ್ನು ಜಾಡಿಸಿ ಬರೆದ ಪತ್ರವನ್ನೇ ಮೊದಲು ಹಾಕಿ, ಕೆಳಗೆ ಸಂಪಾದಕರ ಟಿಪ್ಪಣಿ ಸೇರಿಸಬೇಡಿ. ಬೈಗುಳ, ಜಾತಿ ನಿಂದನೆ ಇದ್ದರೆ ಹಾಕಲೇಬೇಡಿ. ಹೆಸರು ಬೇಡ ಅನ್ನುವವರಿಗೆ ನಿಜವಾದ ಭಯವಿದ್ದರೆ ಹೆಸರು ಮುಚ್ಚಿಡಿ, ಆದರೆ ಸಂಪಾದಕರಿಗೆ ಅದು ಗೊತ್ತಿರಬೇಕು. ಹೆಸರೇ ಇಲ್ಲದ ಚೀಟಿ ಪತ್ರವಲ್ಲ, ಸುಳಿವು. ಅಚ್ಚು ಹಾಕಬೇಡಿ, ಹೋಗಿ ವಿಚಾರಿಸಿ.

ವರದಿ ಬರೆದವರೇ ಅದರ ದೂರನ್ನು ತೀರ್ಮಾನಿಸಬಾರದು. 'ದಿ ಹಿಂದೂ' ಪತ್ರಿಕೆ 2006ರಲ್ಲಿ ಇದಕ್ಕೆಂದೇ ಓದುಗರ ಸಂಪಾದಕರನ್ನು ನೇಮಿಸಿತು. ನಿಮ್ಮಲ್ಲಿ ವರದಿ ತಂಡದಲ್ಲಿಲ್ಲದ ಫೈನಲ್ ಇಯರಿನವರೊಬ್ಬರು ಸಾಕು.

ಹೆಸರು ಹಿಡಿದು ಆರೋಪ ಮಾಡುವ ಸುದ್ದಿಗೆ ಮಾತ್ರ ಜಾಸ್ತಿ ಎಚ್ಚರ ಬೇಕು. ಮಾನಹಾನಿ ವಿದ್ಯಾರ್ಥಿಗಳಿಗೂ ಅನ್ವಯಿಸುತ್ತದೆ, ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ ಓದಿಕೊಳ್ಳಿ. ದಾಖಲೆ ಕೈಯಲ್ಲಿರಲಿ, ಆ ವ್ಯಕ್ತಿಯ ಮಾತನ್ನು ಅಚ್ಚಿಗೆ ಮೊದಲೇ ಕೇಳಿ.

ಬಂದ ಪ್ರತಿ ದೂರು, ಕೊಟ್ಟ ಉತ್ತರ ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ತಾರೀಖಿನ ಜೊತೆ ಬರೆದಿಡಿ. ವರ್ಷದ ಕೊನೆಗೆ ಹೊಸ ತಂಡಕ್ಕೆ ಅದನ್ನೂ ಸಹಿಯಾದ ಒಪ್ಪಂದವನ್ನೂ ಇಮೇಲ್ ಪಾಸ್‌ವರ್ಡನ್ನೂ ಒಟ್ಟಿಗೇ ಕೊಡಿ.