ನಿಸಬಾಳಿಗೆ ಒಂದು ಅಳತೆ ಜವೆ

ಇಂದಿನ ದಕ್ಷಿಣ ಇರಾಕಿನಲ್ಲಿದ್ದ ಪ್ರಾಚೀನ ನಾಡು ಸುಮೇರಿನ ದೇವತೆಗಳಲ್ಲಿ ಇನಾನ್ನಾಳ ಹೆಸರು ಕೇಳಿದವರು ಹೆಚ್ಚು. ನಾನು ನಡೆದುಕೊಳ್ಳುವುದು ನಿಸಬಾಳಿಗೆ. ಎರೆಶ್ ಎಂಬ ಪಟ್ಟಣದ ದೇವತೆ ಅವಳು. ಮೊದಲಿಗೆ ಕಾಳಿನ ಒಡತಿ, ಆಮೇಲೆ ಬರವಣಿಗೆಗೂ ಲೆಕ್ಕಕ್ಕೂ ಅಳತೆಗೂ ಒಡತಿ. ಇವು ಬಿಡಿಬಿಡಿ ಸಂಗತಿಗಳಲ್ಲ. ದಕ್ಷಿಣ ಇರಾಕಿನ ಉರುಕ್‌ನಲ್ಲಿ ಸಿಕ್ಕ ಅತಿ ಹಳೆಯ ಮಣ್ಣಿನ ಫಲಕಗಳಲ್ಲಿ ಹೆಚ್ಚಿನವು ಲೆಕ್ಕಪತ್ರಗಳು: ಇಷ್ಟು ಜವೆ, ಅಂದರೆ ಬಾರ್ಲಿ, ಬಂತು; ಇಷ್ಟು ಬಿಯರ್ ಹೋಯಿತು. ಕಾಳನ್ನು ಅಳೆದು ಗುರುತು ಹಾಕುವ ಕೆಲಸದಿಂದಲೇ ಲಿಪಿ ಬೆಳೆಯಿತು. ಅವಳ ಹೆಸರನ್ನು ಬರೆಯುವ ಚಿಹ್ನೆಯೊಳಗೇ ಜವೆಯ ಚಿಹ್ನೆ ಕೂತಿದೆ. ಹಾಗಾಗಿ ನನ್ನ ಪೂಜೆಯ ತಿರುಳು ಎರಡೇ ಕೆಲಸ: ಕಾಳನ್ನು ಸರಿಯಾಗಿ ಅಳೆಯುವುದು, ಅಳೆದದ್ದನ್ನು ಮಣ್ಣಿನ ಮೇಲೆ ಬರೆಯುವುದು. ದೀಪ, ಧೂಪ, ಬಟ್ಟೆ ಎಲ್ಲ ಆಮೇಲೆ.

ಕನ್ನಡಿಗರಿಗೆ ಇವಳನ್ನು ಕಂಡ ಕೂಡಲೇ ಸರಸ್ವತಿ ನೆನಪಾಗುತ್ತಾಳೆ. ಆದರೆ ಸುಮೇರಿನ ಸರಸ್ವತಿ ಎಂದುಕೊಂಡು ಶುರುಮಾಡಿದರೆ ಮೊದಲು ಬಿಟ್ಟುಹೋಗುವುದೇ ಕಾಳು. ವೀಣೆ, ಹಂಸ, ಬಿಳಿ ಸೀರೆ ಇವಳವಲ್ಲ. ಇವಳ ಸ್ತೋತ್ರವೊಂದು ಶುರುವಾಗುವುದೇ ಆಕಾಶದ ನಕ್ಷತ್ರಗಳ ಬಣ್ಣದವಳು, ಲಾಜವರ್ದ ಎಂಬ ನೀಲಿ ಕಲ್ಲಿನ ಫಲಕ ಹಿಡಿದವಳು ಎಂದು. ಎರೆಶ್‌ನ ಅವಳ ಗುಡಿಗೂ ಎ-ಜ಼ಗಿನ್, ಅಂದರೆ ಲಾಜವರ್ದದ ಮನೆ ಎಂದೇ ಹೆಸರು. ಲಗಾಶ್‌ನ ಅರಸ ಗುದೇಯ ಕನಸಿನಲ್ಲಿ ಕಂಡದ್ದು, ಹೊಳೆಯುವ ಲೋಹದ ಲೇಖನಿ ಹಿಡಿದು, ನಕ್ಷತ್ರಗಳ ಫಲಕವನ್ನು ತೊಡೆಯ ಮೇಲಿಟ್ಟುಕೊಂಡ ಹೆಣ್ಣನ್ನು. ಅವಳು ನಿಸಬಾ ಎಂದು ಕನಸನ್ನು ಬಿಡಿಸಿ ಹೇಳಿದವಳು ನಾನ್‌ಶೆ ದೇವಿ. ಅದಕ್ಕೇ ನಾನು ಹಾಸುವುದು ಅಚ್ಚು ನೀಲಿ ಹತ್ತಿ ಬಟ್ಟೆ, ಒಂದು ಮೊಳ ಸಾಕು. ಲಾಜವರ್ದದ ಕಲ್ಲು ಇಡಲೇಬೇಕೆಂಬ ಆಸೆಯಿದ್ದರೆ ಉಗುರುಬಣ್ಣ ತೆಗೆಯುವ ಅಸಿಟೋನ್‌ನಲ್ಲಿ ಹತ್ತಿ ಅದ್ದಿ ಕಲ್ಲಿನ ಹಿಂಬದಿಗೆ ಉಜ್ಜಿ ನೋಡಿ. ನೀಲಿ ಬಿಟ್ಟರೆ ಅದು ಬಣ್ಣ ಕುಡಿಸಿದ ಬೇರೆ ಕಲ್ಲು. ಎಂಟು ಮೂಲೆಯ ನಕ್ಷತ್ರದ ಪದಕ ಇಡಬೇಡಿ, ಅದು ಇನಾನ್ನಾಳ ಗುರುತು.

ಮೂರ್ತಿ ನಾನು ಇಡುವುದಿಲ್ಲ. ಖಚಿತವಾಗಿ ನಿಸಬಾಳದೇ ಎನ್ನಬಹುದಾದ ಪ್ರಾಚೀನ ಚಿತ್ರಗಳು ತೀರ ಕಡಿಮೆ. ಪೀಠದ ನಡುವೆ ಹಸಿಮಣ್ಣಿನ ಮುದ್ದೆಯಲ್ಲಿ ಚುಚ್ಚಿ ನಿಲ್ಲಿಸಿದ ಐದಾರು ಜವೆತೆನೆ, ಅಷ್ಟೇ. ತೆನೆ ಬೇಕೆಂದರೆ ಬೆಳೆದುಕೊಳ್ಳುವುದೇ ಒಳ್ಳೆಯದು. ಅಂಗಡಿಯಲ್ಲಿ ಬಾರ್ಲಿ ಎಂದು ಕೊಡುವ ಬಿಳಿ ಕಾಳು ಸಿಪ್ಪೆ ತೆಗೆದು ಪಾಲಿಶ್ ಮಾಡಿದ್ದು, ಅದು ಮೊಳೆಯುವುದಿಲ್ಲ. ಸಿಪ್ಪೆ ಸಮೇತ ಇರುವ ಜವೆಗೋಧಿ ಬೇಕು. ಬೀಜದಂಗಡಿಯಲ್ಲಿ, ಕೆಲವು ಗ್ರಂಥಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಅಡಿ ಅಗಲದ ಕುಂಡದಲ್ಲಿ ಇಪ್ಪತ್ತು ಕಾಳು, ಎರಡು ಬೆರಳು ಆಳ. ಈ ಎರಡು ಬೆರಳಿನ ಮಾತು ಸುಮೇರಿಯನ್ ಭಾಷೆಯ ಬೇಸಾಯದ ಉಪದೇಶದಲ್ಲೇ ಇದೆ. ನವೆಂಬರಿನಲ್ಲಿ ಹಾಕಿದರೆ ಎರಡೂವರೆ ಮೂರು ತಿಂಗಳಿಗೆ ತೆನೆ ಕೈಗೆ ಬರುತ್ತದೆ. ಮಾರ್ಚಿಯಲ್ಲಿ ಹಾಕಿದರೆ ಬಿಸಿಲಿಗೆ ಗಿಡ ಗಿಡ್ಡವಾಗಿ ತೆನೆ ಜಳ್ಳಾಗುತ್ತದೆ. ಅದೇ ಉಪದೇಶ, ಮೊಳಕೆ ಮಣ್ಣು ಸೀಳಿ ಬಂದಾಗ ಇಲಿಗಳ ಕಾಟಕ್ಕೆ ಶಾಂತಿ ಮಾಡಿಸು ಎನ್ನುತ್ತದೆ. ಮಹಡಿ ಮೇಲಿನ ಕುಂಡಕ್ಕಂತೂ ಹಕ್ಕಿಗಳಿಂದ ಕಾಪಾಡಲು ಒಂದು ಬಲೆ ಬೇಕೇ ಬೇಕು.

ಇನ್ನು ಮಣ್ಣು. ಕುಂಬಾರರ ಹತ್ತಿರ ಸಿಗುವ, ಜರಡಿ ಹಿಡಿದು ನಾದಿದ ಮಣ್ಣು ಸರಿಯಾದದ್ದು. ಹೊಲದ ಮಣ್ಣಾದರೆ ನೀರಲ್ಲಿ ಕದಡಿ, ಕಲ್ಲು ತಳಕ್ಕೆ ಕೂರಲು ಎರಡು ನಿಮಿಷ ಬಿಟ್ಟು, ಮೇಲಿನ ಕೆಸರು ನೀರನ್ನು ಬಟ್ಟೆಯಲ್ಲಿ ಸೋಸಿ ಇಳಿಸಬೇಕು. ಮಕ್ಕಳ ಆಟಿಕೆಯ ಎಣ್ಣೆಮಣ್ಣು ಬೇಡ: ಒಣಗುವುದೂ ಇಲ್ಲ, ಮತ್ತೆ ನೀರಲ್ಲಿ ಕರಗುವುದೂ ಇಲ್ಲ. ಒಂದು ಫಲಕಕ್ಕೆ ಇನ್ನೂರು ಗ್ರಾಂ ಮಣ್ಣು ತೆಗೆದುಕೊಂಡು, ಒಳಗೆ ಗಾಳಿ ಉಳಿಯದಂತೆ ಚೆನ್ನಾಗಿ ನಾದಿ, ಅಂಗೈ ತುಂಬುವಷ್ಟು ದೊಡ್ಡ, ಎರಡು ಸೆಂಟಿಮೀಟರ್ ದಪ್ಪದ ಬಿಲ್ಲೆ ಮಾಡುತ್ತೇನೆ. ಮುಂಬದಿ ಸಪಾಟು, ಹಿಂಬದಿ ತುಸು ಉಬ್ಬು. ಮಾಡಿದ ಕೂಡಲೇ ಬರೆಯಲು ಹೋಗಬಾರದು. ಮುಕ್ಕಾಲು ಗಂಟೆ ನೆರಳಲ್ಲಿಟ್ಟು, ಬೆರಳು ಒತ್ತಿದರೆ ಗುರುತು ಬೀಳಬೇಕು, ಮಣ್ಣು ಅಂಟಬಾರದು ಎಂಬ ಹದ ನೋಡಬೇಕು. ಬರೆಯುವ ಕಡ್ಡಿಗೆ ಮಣ್ಣು ಅಂಟಿ ಬಂದರೆ ಇನ್ನೂ ಹಸಿ. ಒತ್ತಿದ ಗುರುತಿನ ಅಂಚು ಪುಡಿಯಾದರೆ ಹದ ಮೀರಿದೆ, ಒದ್ದೆ ಬಟ್ಟೆ ಸುತ್ತಿ ಅರ್ಧ ಗಂಟೆ ಬಿಡಿ.

ಲೇಖನಿ ಸುಮೇರಿನಲ್ಲಿ ಜೊಂಡಿನದು. ಚೀನೀ ಊಟದ ಜೊತೆ ಕೊಡುವ ಚೌಕ ತುದಿಯ ಬಿದಿರಿನ ಕಡ್ಡಿ ಅದಕ್ಕೆ ಬಹಳ ಹತ್ತಿರ. ತುದಿಯ ಮೂಲೆ ಚೂಪಾಗಿರಬೇಕು, ಮೊಂಡಾದರೆ ಮರಳುಕಾಗದಕ್ಕೆ ಉಜ್ಜಿ. ಎಲ್ಲರೂ ಮಾಡುವ ತಪ್ಪೆಂದರೆ ಪೆನ್ನಿನಂತೆ ಎಳೆಯುವುದು. ಕ್ಯೂನಿಫಾರ್ಮ್ ಎನ್ನುವ ಈ ಬೆಣೆಲಿಪಿಯನ್ನು ಎಳೆಯುವುದಿಲ್ಲ, ಒತ್ತುವುದು. ಕಡ್ಡಿಯ ಮೂಲೆಯನ್ನು ಆಳಕ್ಕೆ ಇಳಿಸಿ ಅಂಚನ್ನು ಹಗುರಾಗಿ ತಾಗಿಸಿದರೆ ತಲೆ ದಪ್ಪ, ಬಾಲ ತೆಳು ಆದ ಬೆಣೆ ಮೂಡುತ್ತದೆ. ಬೆಣೆಯ ತಲೆ ಎಡಕ್ಕೆ ಅಥವಾ ಮೇಲಕ್ಕೆ ಇರಬೇಕು. ಬಲಗಡೆಗೆ ಬಂದರೆ ಕೈ ತಪ್ಪಿದೆ ಎಂದರ್ಥ. ಪ್ರತಿ ಬೆಣೆಗೂ ಮಣಿಕಟ್ಟು ತಿರುಗಿಸುವ ಬದಲು ಎಡಗೈಯಲ್ಲಿರುವ ಫಲಕವನ್ನೇ ಸ್ವಲ್ಪ ವಾಲಿಸುವುದು ಸುಲಭ. ದೀಪ ಎಡಬದಿಗಿರಲಿ. ಎದುರಿನ ಬೆಳಕಿನಲ್ಲಿ ಬೆಣೆಗಳು ಕಣ್ಣಿಗೇ ಬೀಳುವುದಿಲ್ಲ.

ಮೊದಲ ತಿಂಗಳೇ ಅವಳ ಹೆಸರು ಬರೆಯಲು ಹೊರಡಬೇಡಿ. ಎದುಬ್ಬ ಎನ್ನುತ್ತಿದ್ದ ಅಂದಿನ ಶಾಲೆಯ ಮಕ್ಕಳೂ ಬರೀ ಬೆಣೆ ಒತ್ತುವುದರಿಂದ ಶುರುಮಾಡಿ, ತು-ತ-ತಿ, ನು-ನ-ನಿ, ಬು-ಬ-ಬಿ ಎಂದು ತಿದ್ದುತ್ತಿದ್ದರು. ನಮ್ಮ ಕಾಗುಣಿತ ತಿದ್ದಿದವರಿಗೆ ಈ ದಾರಿ ಹೊಸದಲ್ಲ. ನಾಲ್ಕು ವಾರ ದಿನಕ್ಕೆ ಹದಿನೈದು ನಿಮಿಷ ಇದಕ್ಕೇ ಕೊಡಿ. ಆಮೇಲೆ ದೇವತೆಯ ಹೆಸರಿನ ಮುಂದೆ ಬರುವ ದಿಙಿರ್ ಚಿಹ್ನೆ: ಒಂದು ಅಡ್ಡ, ಒಂದು ಉದ್ದ, ಎರಡು ಓರೆ, ಎಲ್ಲವೂ ಒಂದೇ ಕಡೆ ಕತ್ತರಿಸಿ ನಕ್ಷತ್ರವಾಗುತ್ತದೆ. ಅದು ಕೈಗೆ ಕೂತ ಮೇಲೆ ನಿಸಬಾ. ಚಿಹ್ನೆಗಳ ಆಕಾರ ಕಾಲದಿಂದ ಕಾಲಕ್ಕೆ ಬದಲಾಗಿದೆ. ಒಂದು ಚಿಹ್ನೆ ಒಂದು ಕಾಲದ್ದು, ಇನ್ನೊಂದು ಬೇರೆ ಕಾಲದ್ದು ಎಂದು ಬೆರೆಸಿದರೆ ಓದಬಲ್ಲವರಿಗೆ ಅದು ಕಿವಿಗೆ ಅಪಸ್ವರ ಬಡಿದಂತೆ. ನಾನು ಉರ್‌ನ ಮೂರನೆಯ ರಾಜವಂಶದ, ಅಂದರೆ ಕ್ರಿ.ಪೂ. 2100ರಿಂದ 2000ರ ಸುಮಾರಿನ ಆಕಾರಗಳಿಗೇ ಅಂಟಿಕೊಂಡಿದ್ದೇನೆ. ಆ ಕಾಲದ ಸಾವಿರಾರು ಲೆಕ್ಕದ ಫಲಕಗಳ ಫೋಟೋಗಳು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಲು ಸಿಗುತ್ತವೆ.

ದಿನ ಯಾವುದು? ಸುಮೇರಿನ ತಿಂಗಳು ಶುರುವಾಗುವುದು ಅಮಾವಾಸ್ಯೆಗಲ್ಲ, ಪಡುವಣದಲ್ಲಿ ಎಳೆಯ ಚಂದ್ರ ಕಂಡ ಸಂಜೆಗೆ. ನಮ್ಮ ಪಂಚಾಂಗದಲ್ಲಿ ಅದು ಸಾಮಾನ್ಯವಾಗಿ ಬಿದಿಗೆ. ಉರ್‌ನ ಮೂರನೆಯ ರಾಜವಂಶದ ಕಾಲದಲ್ಲಿ ತಿಂಗಳ 1, 7 ಮತ್ತು 15ನೆಯ ದಿನ ಎಶ್-ಎಶ್ ಎಂಬ ಹಬ್ಬಗಳಿದ್ದವು. ನಾನು ಮೊದಲ ದಿನ ದೊಡ್ಡ ಅರ್ಪಣೆ, ಉಳಿದೆರಡು ದಿನ ಬರೀ ನೀರು ಮತ್ತು ಸ್ತೋತ್ರ ಇಟ್ಟುಕೊಂಡಿದ್ದೇನೆ. ಮೋಡವಿದ್ದು ಚಂದ್ರ ಕಾಣದಿದ್ದರೆ ಮರುದಿನ ಸಂಜೆ.

ಕ್ರಮ ಇದು. ಕೈತೊಳೆದುಕೊಳ್ಳುವುದು ಮೊದಲು. ಅವಳ ಹೆಸರಿನ ಚಿಹ್ನೆಯನ್ನೇ ನಗ ಎಂದು ಓದಿದರೆ ಸೋಪಿನಂತೆ ಬಳಸುತ್ತಿದ್ದ ಒಂದು ಕ್ಷಾರದ ಗಿಡವಾಗುತ್ತದೆ, ಆದ್ದರಿಂದ ಈ ಕೈತೊಳೆತವನ್ನು ಹಾರಿಸಬಾರದು. ಪೀಠದ ಮುಂದೆ ನಿಂತು ಬಲಗೈಯನ್ನು ಮೂಗಿನ ಮುಂದೆ ಎತ್ತಿ ಹಿಡಿಯುವುದು, ಅದು ಅಲ್ಲಿನ ನಮಸ್ಕಾರ. ಆಮೇಲೆ ಅಳತೆ. ಸುಮೇರಿನ ಸಿಲ ಅಂದರೆ ಸುಮಾರು ಒಂದು ಲೀಟರ್. ಲೀಟರಿನ ಪಾತ್ರೆಯೊಂದನ್ನು ಇದಕ್ಕೇ ಮೀಸಲಿಟ್ಟು, ಸಿಪ್ಪೆ ಸಮೇತದ ಜವೆಯನ್ನು ತುಂಬಿ, ಅದುಮದೆ, ಅಲುಗಿಸದೆ, ನೇರ ಕೋಲಿನಿಂದ ಬಾಯಿಗೆ ಸಮನಾಗಿ ಸವರಬೇಕು. ತೂಗಿದರೆ 600 ಗ್ರಾಮಿನ ಆಸುಪಾಸು ಬರುತ್ತದೆ. ತೀರ ಕಡಿಮೆ ಬಂದರೆ ಕಾಳು ಜಳ್ಳು, ಇಲ್ಲವೇ ಹುಳು ಕೊರೆದದ್ದು. ಕಣ್ಣಂದಾಜಿನಲ್ಲಿ ಸುರಿಯುವುದು ಈ ಪೂಜೆಯಲ್ಲಿ ನಾನು ಒಪ್ಪದ ಒಂದೇ ಸಂಗತಿ. ದೊಡ್ಡ ಅಳತೆಯ ಜಾಗದಲ್ಲಿ ಸಣ್ಣ ಅಳತೆ ಇಟ್ಟು ಮೋಸ ಮಾಡುವವರನ್ನು ನಾನ್‌ಶೆಯ ಸ್ತೋತ್ರ ನೇರವಾಗಿ ಖಂಡಿಸುತ್ತದೆ. ಅಲ್ಲಿ ಫಲಕಗಳನ್ನು ತೊಡೆಯ ಮೇಲಿಟ್ಟು ಚಿನ್ನದ ಲೇಖನಿ ಹಿಡಿದು ಕೂತವಳು ನಿಸಬಾಳೇ.

ಕಾಳಿನ ಪಕ್ಕದಲ್ಲಿ ನಾಲ್ಕು ಖರ್ಜೂರ, ಜವೆಹಿಟ್ಟಿನ ಒಂದು ರೊಟ್ಟಿ, ಒಂದು ಚಮಚ ತುಪ್ಪ, ಒಂದು ಬಟ್ಟಲು ಎಳ್ಳೆಣ್ಣೆ. ಅಲ್ಲಿನ ಇನ್ನೊಂದು ಪ್ರಾಚೀನ ಭಾಷೆಯಾದ ಅಕ್ಕಾಡಿಯನ್‌ನಲ್ಲಿ ಒಳ್ಳೆಯ ಎಳ್ಳೆಣ್ಣೆಗೆ ಎಲ್ಲು ಎಂಬ ಮಾತಿದೆ, ನಮ್ಮ ಎಳ್ಳಿಗೂ ಅದಕ್ಕೂ ನಂಟಿರಬಹುದೆಂದು ಕೆಲವು ವಿದ್ವಾಂಸರು ಹೇಳಿದ್ದಾರೆ. ಎಲ್ಲರೂ ಒಪ್ಪಿಲ್ಲ, ಆದರೂ ಎಣ್ಣೆ ಹೊಯ್ಯುವಾಗ ಈ ಮಾತು ನೆನೆದರೆ ನನಗೆ ಹಿತ. ಬಿಯರ್ ಅಲ್ಲಿನ ಮುಖ್ಯ ಅರ್ಪಣೆ. ಮನೆಯಲ್ಲಿ ಬೇಡವೆನಿಸಿದರೆ ಜವೆ ಬೇಯಿಸಿದ ನೀರು ಸಾಕು. ನೀರನ್ನು ಚೆಲ್ಲಿ ವ್ಯರ್ಥ ಮಾಡದೆ ಜವೆಯ ಕುಂಡಕ್ಕೇ ಹೊಯ್ಯುತ್ತೇನೆ. ಉರ್-ನಮ್ಮು ಅರಸನ ಶಿಲಾಫಲಕದಲ್ಲಿ ಅವನೂ ಗಿಡವಿರುವ ಕುಂಡಕ್ಕೇ ನೀರು ಹೊಯ್ಯುತ್ತಾನೆ. ಎಣ್ಣೆ, ತುಪ್ಪವನ್ನು ಮಾತ್ರ ಕುಂಡಕ್ಕೆ ಹಾಕಬೇಡಿ, ಬೇರು ಸಾಯುತ್ತದೆ.

ಆಮೇಲೆ ಕೂತು ಬರೆಯುವುದು. ಆ ಕಾಲದ ಲೆಕ್ಕಿಗರು ಎಷ್ಟು, ಏನು, ಯಾವ ದೇವರಿಗೆ ಎಂದಷ್ಟೇ ಬರೆಯುತ್ತಿದ್ದರು: ಒಂದು ಕುರಿ, ಎನ್‌ಲಿಲ್. ನನ್ನ ಫಲಕದಲ್ಲಿಯೂ ಅಷ್ಟೇ: ಒಂದು ಸಿಲ ಜವೆ, ನಿಸಬಾ. ಕೆಳಗೆ ದಿನ. ಹಿಂಬದಿಗೆ ಹೋಗುವಾಗ ಪುಸ್ತಕದ ಹಾಳೆಯಂತೆ ಮಗುಚದೆ, ಕೆಳಗಿನ ಅಂಚನ್ನು ಹಿಡಿದು ಮೇಲಕ್ಕೆ ತಿರುಗಿಸಬೇಕು. ಅಲ್ಲಿ ಎರಡೇ ಮಾತು: ನಿಸಬಾ ಜ಼ಾಮಿ, ನಿಸಬಾಳಿಗೆ ಸ್ತುತಿ. ಹಲವು ಸುಮೇರಿಯನ್ ಕೃತಿಗಳ ಕೊನೆಯ ಸಾಲು ಇದೇ. ದಿನವೂ ಏನಾದರೂ ಬರೆಯುವವರು, ಕಚೇರಿಯ ಲೆಕ್ಕವೇ ಆಗಲಿ, ಕೆಲಸ ಮುಗಿದಾಗ ಇದನ್ನು ಒಮ್ಮೆ ಹೇಳಿಕೊಂಡರೆ ಬೇರೆ ನಿತ್ಯಪೂಜೆ ಬೇಕಿಲ್ಲ.

ಅರ್ಪಿಸಿದ್ದನ್ನು ರಾತ್ರಿಯಿಡೀ ಬಿಟ್ಟರೆ ಇರುವೆ ಮುತ್ತುತ್ತದೆ, ರೊಟ್ಟಿಗೆ ಬೂಷ್ಟು ಹಿಡಿಯುತ್ತದೆ. ಒಂದು ಗಂಟೆ ಸಾಕು. ಅಲ್ಲಿನ ಗುಡಿಗಳಲ್ಲೂ ದೇವರ ಮುಂದಿನ ಊಟ ಆಮೇಲೆ ಗುಡಿಯವರಿಗೆ ಹಂಚಿಹೋಗುತ್ತಿತ್ತು, ಆದ್ದರಿಂದ ತಿನ್ನುವುದರಲ್ಲಿ ತಪ್ಪಿಲ್ಲ. ಅಳೆದ ಜವೆಯಲ್ಲಿ ಒಂದು ಹಿಡಿ ಬಿತ್ತನೆಗೆ ತೆಗೆದಿಟ್ಟು ಉಳಿದದ್ದನ್ನು ಬೇರೆಯವರ ಅಡುಗೆಗೆ ಕೊಡುತ್ತೇನೆ.

ಫಲಕವನ್ನು ಬಿಸಿಲಿಗೆ ಇಡಬೇಡಿ. ಹೊರಮೈ ಬೇಗ ಒಣಗಿ ಕುಗ್ಗಿ, ಒಳಗೆ ಹಸಿಯೇ ಉಳಿದು, ನಡುವೆ ಸೀಳು ಬಿಡುತ್ತದೆ. ಹಳೆಯ ಪೇಪರಿನ ಮೇಲೆ ನೆರಳಲ್ಲಿ ಏಳು ದಿನ, ದಿನಕ್ಕೊಮ್ಮೆ ಮಗುಚಬೇಕು. ಮಳೆಗಾಲದಲ್ಲಿ ಹತ್ತು ಹನ್ನೆರಡು ದಿನ. ಸುಡುವುದೂ ಬೇಡ, ಅವರೂ ಸಾಮಾನ್ಯವಾಗಿ ಸುಡುತ್ತಿರಲಿಲ್ಲ. ಸುಮೇರಿನ ನಿಪ್ಪುರ್ ಪಟ್ಟಣದಲ್ಲಿ ಅಗೆದು ತೆಗೆದ ಒಂದು ಶಾಲೆಮನೆಯಲ್ಲಿ ಬರೆದು ಮುಗಿದ ಫಲಕಗಳನ್ನು ನೆನೆಹಾಕಿ ಮತ್ತೆ ಮಣ್ಣು ಮಾಡಿಕೊಳ್ಳುವ ತೊಟ್ಟಿಯೇ ಸಿಕ್ಕಿದೆ. ನಾನೂ ಹನ್ನೆರಡು ತಿಂಗಳ ಲೆಕ್ಕವನ್ನು ಒಂದು ನೋಟ್‌ಬುಕ್ಕಿಗೆ ನಕಲು ಮಾಡಿಕೊಂಡು, ಫಲಕಗಳನ್ನು ಪೂರ್ತಿ ಒಣಗಿದ ಮೇಲೆಯೇ ಬಕೆಟ್ ನೀರಿಗೆ ಹಾಕುತ್ತೇನೆ. ಅರೆಹಸಿ ಮಣ್ಣು ಗಂಟುಗಂಟಾಗಿ ಉಳಿಯುತ್ತದೆ, ಒಣಗಿದ್ದು ಒಂದು ಗಂಟೆಯೊಳಗೆ ತಾನಾಗಿ ಕುಸಿಯುತ್ತದೆ. ಮೇಲಿನ ನೀರು ಬಸಿದು, ಕೆಸರನ್ನು ಹಳೆಯ ದಿಂಬಿನ ಕವರಿನಲ್ಲಿ ಕಟ್ಟಿ ಎರಡು ದಿನ ತೂಗುಹಾಕಿದರೆ ಮತ್ತೆ ನಾದುವ ಹದಕ್ಕೆ ಬರುತ್ತದೆ.