ಸೆಲ್ಫ್ ಎತ್ತದ ಹಳೆಯ ಕಾರು: ಮೋಟರ್ ಬಿಚ್ಚುವ ಮೊದಲು, ಬಿಚ್ಚಿದ ಮೇಲೆ

ಸೆಲ್ಫ್ ಎಂದರೆ ಎಂಜಿನ್ನನ್ನು ತಿರುಗಿಸಿ ಎಬ್ಬಿಸುವ ಸ್ಟಾರ್ಟರ್ ಮೋಟರ್. ಕೀ ತಿರುಗಿಸಿದಾಗ ಬರುವ ಸದ್ದನ್ನು ಮೊದಲು ಸರಿಯಾಗಿ ಕೇಳಿಸಿಕೊಳ್ಳಿ. ಟಕಟಕಟಕ ಎಂದು ಬೇಗಬೇಗ ಬಡಿದುಕೊಂಡರೆ ಕರೆಂಟು ಸಾಲುತ್ತಿಲ್ಲ: ಬ್ಯಾಟರಿ ಇಳಿದಿದೆ, ಇಲ್ಲವೇ ಟರ್ಮಿನಲ್ ಕಿಲುಬು ಹಿಡಿದಿದೆ. ಒಂದೇ ಸಲ ಗಟ್ಟಿಯಾಗಿ ‘ಟಕ್’ ಎಂದು ಸುಮ್ಮನಾದರೆ ಸೊಲೆನಾಯ್ಡ್ (ಮೋಟರಿಗೆ ಕರೆಂಟು ಬಿಡುವ ವಿದ್ಯುತ್ಕಾಂತದ ಸ್ವಿಚ್) ಎಳೆದಿದೆ, ಮೋಟರ್ ತಿರುಗಿಲ್ಲ. ಮೋಟರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು, ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರಬಹುದು. ಮೋಟರ್ ಗುಂಯ್ ಎಂದು ತಿರುಗಿಯೂ ಎಂಜಿನ್ ಅಲುಗದಿದ್ದರೆ ಮೋಟರಿನ ಹಲ್ಲುಚಕ್ರವನ್ನು ಎಂಜಿನ್ನಿಗೆ ಸೇರಿಸುವ ಬೆಂಡಿಕ್ಸ್ ಜಾರುತ್ತಿದೆ. ಕರಕರ ಹಲ್ಲು ಉಜ್ಜುವ ಸದ್ದಾದರೆ ಕೂಡಲೇ ನಿಲ್ಲಿಸಿ. ಎಂಜಿನ್ನಿನ ಭಾರದ ಚಕ್ರವಾದ ಫ್ಲೈವೀಲ್‌ನ ರಿಂಗಿನ ಹಲ್ಲು ಹೋದರೆ ಗೇರ್‌ಬಾಕ್ಸನ್ನೇ ಇಳಿಸಬೇಕಾಗುತ್ತದೆ, ಅದು ಸೆಲ್ಫ್ ರಿಪೇರಿಗಿಂತ ದೊಡ್ಡ ಕೆಲಸ. ಸದ್ದೇ ಇಲ್ಲವೆಂದರೆ ಫ್ಯೂಸ್, ರಿಲೇ, ಇಗ್ನಿಷನ್ ಸ್ವಿಚ್, ಸೊಲೆನಾಯ್ಡಿಗೆ ಹೋಗುವ ಸಣ್ಣ ವಯರ್ ನೋಡಿ. ಕೊಟ್ಟಿಗೆ ಪಕ್ಕದ ಶೆಡ್ಡಿನಲ್ಲಿ ನಿಲ್ಲುವ ಕಾರಾದರೆ ಆ ವಯರನ್ನು ಇಲಿ ಕಡಿದಿರುವುದೂ ಉಂಟು.

ಸೆಲ್ಫ್ ಹೋಗಿದೆ ಎಂದು ತೀರ್ಮಾನಿಸುವ ಮುಂಚೆ ಅಳೆದು ನೋಡಿ. ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ತೋರಿಸಿದರೆ ತುಂಬಿದೆ, 12.2 ಎಂದರೆ ಅರ್ಧ, 12ಕ್ಕಿಂತ ಕೆಳಗಾದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಅರ್ಥವಿಲ್ಲ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ನೋಡಲಿ. ಚಾರ್ಜಾದ ಬ್ಯಾಟರಿಯೂ 9.6ಕ್ಕಿಂತ ಕೆಳಗೆ ಕುಸಿದರೆ ಹೆಚ್ಚಾಗಿ ಬ್ಯಾಟರಿಯೇ ಸೋತಿದೆ. ಕುಸಿಯದಿದ್ದರೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಕಂಬಕ್ಕೂ ಇನ್ನೊಂದನ್ನು ಸೆಲ್ಫಿನ ದಪ್ಪ ವಯರಿನ ಬೋಲ್ಟಿಗೂ ಹಿಡಿದು ಮತ್ತೆ ಹೊಡೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ಕಂಡರೆ ದೋಷ ಕೇಬಲಿನಲ್ಲಿದೆ. ಹಾಗೆಯೇ ಬ್ಯಾಟರಿಯ ಮೈನಸ್ ಕಂಬದಿಂದ ಸೆಲ್ಫಿನ ಬಾಡಿಗೆ ಹಿಡಿದಾಗ 0.3 ವೋಲ್ಟ್ ಮೀರಿದರೆ ಅರ್ಥ್ (ಬಾಡಿಯ ಮೂಲಕ ಕರೆಂಟು ಮೈನಸ್‌ಗೆ ಮರಳುವ ದಾರಿ) ಸರಿಯಿಲ್ಲ.

ನಮ್ಮ ಕಡೆ ಹೆಚ್ಚು ಮೋಸ ಮಾಡುವುದು ಈ ಅರ್ಥೇ. ತೀರ್ಥಹಳ್ಳಿ, ಹೊಸನಗರ, ಆಗುಂಬೆಯ ಮಳೆಯಲ್ಲಿ ತಿಂಗಳುಗಟ್ಟಲೆ ತೇವ ಆರುವುದಿಲ್ಲ. ಗೇರ್‌ಬಾಕ್ಸಿಗೆ ಬಿಗಿದ ಅರ್ಥ್ ವಯರಿನ ಕೆಳಗೆ ತುಕ್ಕು ಕೂರುತ್ತದೆ, ಮೇಲಿನಿಂದ ನೋಡಿದರೆ ಬೋಲ್ಟ್ ಬಿಗಿಯಾಗಿಯೇ ಇರುತ್ತದೆ. ಬಿಚ್ಚಿ, ಎರಡೂ ಮುಖವನ್ನು 120 ನಂಬರ್ ಉಪ್ಪುಕಾಗದದಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿಯಾಗಿ ಕೂರಿಸಿ. ಬ್ಯಾಟರಿ ಟರ್ಮಿನಲ್ಲಿನ ಹಸಿರು-ಬಿಳಿ ಕಿಲುಬಿಗೆ ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಕರಗಿಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಆ ನೀರು ಬ್ಯಾಟರಿಯ ಒಳಗೆ ಇಳಿಯಬಾರದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಒಣಗಿಸಿ ಬಿಗಿದ ಮೇಲೆ ಹೊರಗಡೆ ವ್ಯಾಸಲೀನ್ ಸವರಿ.

ಇಷ್ಟಾದರೂ ಎತ್ತದಿದ್ದರೆ ಮೋಟರ್ ಇಳಿಸಿ. ಬ್ಯಾಟರಿಯ ಮೈನಸ್ ತೆಗೆಯದೆ ಸ್ಪಾನರ್ ಮುಟ್ಟಿಸಬೇಡಿ: ಸೆಲ್ಫಿನ ದಪ್ಪ ವಯರಿಗೆ ಫ್ಯೂಸ್ ಇರುವುದಿಲ್ಲ, ಬಾಡಿಗೆ ತಗುಲಿದರೆ ಸ್ಪಾನರೇ ಕೆಂಪಗೆ ಕಾಯುತ್ತದೆ. ಕೆಳಗಿನಿಂದ ಬಿಚ್ಚುವ ಕಾರಾದರೆ ಬರೀ ಜ್ಯಾಕ್ ನಂಬಿ ಒಳಗೆ ಹೋಗಬೇಡಿ, ಸ್ಟ್ಯಾಂಡ್ ಕೊಡಿ. ಮಳೆಯಲ್ಲಿ ನೆನೆದ ಕೆಂಪು ಮಣ್ಣಿನ ಅಂಗಳದಲ್ಲಂತೂ ಜ್ಯಾಕಿನ ಕೆಳಗೂ ಸ್ಟ್ಯಾಂಡಿನ ಕೆಳಗೂ ದಪ್ಪ ಹಲಗೆ ಬೇಕೇ ಬೇಕು.

ಒಳಗೆ ಬ್ರಷ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಇಡೀ ಸೆಟ್ ಬದಲಿಸಿ. ಬ್ರಷ್ ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್, ಕಪ್ಪಾಗಿದ್ದರೆ ಅದನ್ನು 400 ನಂಬರ್ ಕಾಗದದಿಂದ ನಯಮಾಡಿ, ತಾಮ್ರದ ಪಟ್ಟಿಗಳ ನಡುವಿನ ಸಂದಿಯ ಪುಡಿಯನ್ನೂ ತೆಗೆಯಿರಿ. ದಂಡ ಕೂರುವ ಹಿತ್ತಾಳೆ ಬಣ್ಣದ ಬುಷ್ ಸಡಿಲವಾದರೆ ಆರ್ಮೇಚರ್ (ಮೋಟರಿನ ತಿರುಗುವ ಭಾಗ) ವಾಲಿ ಒಳಮೈಗೆ ಉಜ್ಜುತ್ತದೆ, ಸೆಲ್ಫ್ ಭಾರವಾಗಿ ತಿರುಗುತ್ತದೆ. ಹೊಸ ಬುಷ್ ಹಾಕುವ ಮುನ್ನ ಎಂಜಿನ್ ಆಯಿಲ್‌ನಲ್ಲಿ ನೆನೆಸಿಡಿ. ಬೆಂಡಿಕ್ಸನ್ನು ಪೆಟ್ರೋಲಿನಲ್ಲಿ ಅದ್ದುವ ಅಭ್ಯಾಸ ತಪ್ಪು, ಒಂದೇ ಕಡೆ ಹಿಡಿಯುವ ಅದರ ಕ್ಲಚ್ಚಿನೊಳಗಿನ ಗ್ರೀಸ್ ತೊಳೆದುಹೋಗುತ್ತದೆ; ಬಟ್ಟೆಯಲ್ಲಿ ಒರೆಸಿದರೆ ಸಾಕು. ಬೆಂಡಿಕ್ಸಿನ ಸಣ್ಣ ಹಲ್ಲುಚಕ್ರವಾದ ಪಿನಿಯನ್ನಿನ ಹಲ್ಲಿಗೆ ಗ್ರೀಸ್ ಮೆತ್ತಬೇಡಿ, ಕಾರಿನ ಕ್ಲಚ್ ಪ್ಲೇಟಿನ ಪುಡಿ ಅಂಟಿ ಗಟ್ಟಿಯಾಗುತ್ತದೆ. ಆರ್ಮೇಚರ್ ಶಾರ್ಟ್ ಆಗಿದೆಯೇ ಎಂದು ನೋಡಲು ಗ್ರೌಲರ್ ಎಂಬ ಪರೀಕ್ಷಾ ಯಂತ್ರ ಬೇಕು. ಅದಕ್ಕೆ ಶಿವಮೊಗ್ಗದ ಆಟೊ ಎಲೆಕ್ಟ್ರಿಷಿಯನ್ ಬಳಿ ಕೊಂಡೊಯ್ಯಿರಿ. ಬೇರೆ ಕಾರಿನ ಹಳೆಯ ಮೋಟರ್ ಕೊಳ್ಳುವುದಾದರೆ ಪಿನಿಯನ್ ಹಲ್ಲಿನ ಲೆಕ್ಕ, ತಿರುಗುವ ದಿಕ್ಕು, ಬೋಲ್ಟ್ ತೂತುಗಳು ನಿಮ್ಮದಕ್ಕೆ ಹೊಂದಲೇಬೇಕು.

ದಾರಿಯಲ್ಲಿ ಕೈಕೊಟ್ಟರೆ? ಬ್ರಷ್ ಸವೆದ ಮೋಟರಿಗೆ ಸ್ಪಾನರ್ ಹಿಡಿಯಿಂದ ಮೆಲ್ಲಗೆ ತಟ್ಟುತ್ತಾ ಕೀ ತಿರುಗಿಸಿದರೆ ಕೆಲವೊಮ್ಮೆ ಎತ್ತುತ್ತದೆ. ಸುತ್ತಿಗೆ ಬೇಡ, ಎಷ್ಟೋ ಮೋಟರುಗಳ ಒಳಗಿನ ಅಯಸ್ಕಾಂತ ಒಡೆಯುತ್ತದೆ. ಒಮ್ಮೆಗೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ ಒಂದು ನಿಮಿಷ ಬಿಡಿ. ಮ್ಯಾನುಯಲ್ ಗೇರಿನ ಕಾರಾದರೆ ಇಗ್ನಿಷನ್ ಆನ್ ಮಾಡಿ, ಎರಡನೇ ಗೇರಿಗೆ ಹಾಕಿ ಕ್ಲಚ್ ಒತ್ತಿಕೊಂಡು ತಳ್ಳಿಸಿ, ವೇಗ ಬಂದಾಗ ಕ್ಲಚ್ ಬಿಡಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಇಂಜೆಕ್ಷನ್ ಕಾರುಗಳಲ್ಲಿ ಪೆಟ್ರೋಲ್ ಪಂಪೇ ಓಡುವುದಿಲ್ಲ, ತಳ್ಳಿ ಪ್ರಯೋಜನವಿಲ್ಲ. ಘಾಟಿಯ ಇಳಿಜಾರು ಕಂಡು ಆಸೆಪಡಬೇಡಿ. ಎಂಜಿನ್ ಹತ್ತುವವರೆಗೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಬಿಗಿ. ಅಂಗಳದ ಸಣ್ಣ ಇಳಿಜಾರೋ ಸಮ ರಸ್ತೆಯೋ ಸಾಕು.

ಕೀ ಬಿಟ್ಟರೂ ಸೆಲ್ಫ್ ತಿರುಗುತ್ತಲೇ ಇದ್ದರೆ ಸೊಲೆನಾಯ್ಡಿನ ಕಾಂಟ್ಯಾಕ್ಟ್ ಅಂಟಿಕೊಂಡಿದೆ, ಇಲ್ಲವೇ ಸ್ವಿಚ್ ಮರಳಿಲ್ಲ. ಬಾನೆಟ್ ಎತ್ತಿ ತಕ್ಷಣ ಬ್ಯಾಟರಿಯ ಮೈನಸ್ ಕಿತ್ತುಬಿಡಿ. ರಿಪೇರಿ ಮಾಡಿದ ಮೋಟರ್ ಕೆಲವೇ ತಿಂಗಳಲ್ಲಿ ಮತ್ತೆ ಬ್ರಷ್ ತಿಂದರೆ ಮೇಲಿನಿಂದ ಆಯಿಲ್ ಸೋರುತ್ತಿದೆಯೇ, ಎಂಜಿನ್ ಕೆಳಗಿನ ಕೆಸರು ತಡೆಯುವ ಪ್ಲಾಸ್ಟಿಕ್ ಹಾಳೆ ಬಿದ್ದುಹೋಗಿದೆಯೇ ನೋಡಿ. ಹಳೆಯ ಕಾರುಗಳಲ್ಲಿ ಆ ಹಾಳೆ ಉಳಿದಿರುವುದೇ ಅಪರೂಪ.