ಬಾಲ್ಯವಿವಾಹದ ಸುಳಿವು ಸಿಕ್ಕಾಗ ಮಾಡಬೇಕಾದದ್ದು

ಯಾದಗಿರಿ ಜಿಲ್ಲೆಯ ಸುರಪುರ, ಶಹಾಪುರ ಕಡೆಯಿಂದ ದುಡಿಯಲು ಬೆಂಗಳೂರಿಗೆ ಗುಳೆ ಹೊರಡುವ ಕುಟುಂಬಗಳು, ಬೆಳೆದ ಮಗಳನ್ನು ಊರಲ್ಲಿ ಬಿಟ್ಟುಹೋಗಲು ಹೆದರಿ ಅವಸರದಲ್ಲಿ ಲಗ್ನ ನಿಶ್ಚಯಿಸುವುದುಂಟು. ಹುಡುಗಿಗೆ 18, ಹುಡುಗನಿಗೆ 21 ತುಂಬದ ಮದುವೆಯನ್ನು 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ತಡೆಯುತ್ತದೆ. ಕರ್ನಾಟಕದ 2016ರ ತಿದ್ದುಪಡಿಯಂತೆ ಅಂಥ ಮದುವೆ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಲ್ಲಿ ಮದುವೆಯೇ ಅಲ್ಲ.

ಸುಳಿವು ಸಿಕ್ಕ ಕೂಡಲೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಊರು, ಓಣಿ, ತಂದೆಯ ಹೆಸರು, ಮುಹೂರ್ತದ ದಿನ ಮತ್ತು ಸ್ಥಳವನ್ನು ತಿಳಿಸಿ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೂ ತಹಶೀಲ್ದಾರರಿಗೂ ಹೇಳಬಹುದು. ಲಗ್ನದ ದಿನದವರೆಗೆ ಕಾಯುವುದು ಸರಿಯಲ್ಲ. ಮೊದಲೇ ತಿಳಿದರೆ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು, ಆಮೇಲೆ ತಾಳಿ ಕಟ್ಟಿದರೂ ಅದಕ್ಕೆ ಬೆಲೆಯಿಲ್ಲ.

ತಕರಾರು ಹುಟ್ಟುವುದು ಹೆಚ್ಚಾಗಿ ವಯಸ್ಸಿನ ಬಗ್ಗೆ. ಆಧಾರ್ ಕಾರ್ಡ್ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ. ಶಾಲೆಯ ಜನ್ಮದಿನಾಂಕ ಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲ ಪುರಾವೆ. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಸಿಗದಾಗ ಮಾತ್ರ ಮೂಳೆ ಪರೀಕ್ಷೆ. ಆದ್ದರಿಂದ ಮುಖ್ಯೋಪಾಧ್ಯಾಯರನ್ನು ಮೊದಲು ಕಾಣುವುದು ಒಳಿತು.

ತಂದೆತಾಯಿಗೆ ಶಿಕ್ಷೆಯ ಭಯವನ್ನಷ್ಟೇ ಹೇಳದೆ, ಮೈ ಬಲಿಯದ ವಯಸ್ಸಿನ ಬಸಿರಿನಲ್ಲಿ ರಕ್ತಹೀನತೆ, ರಕ್ತದೊತ್ತಡ ಮತ್ತು ಕಷ್ಟದ ಹೆರಿಗೆಯ ಅಪಾಯ ಹೆಚ್ಚೆಂಬುದನ್ನೂ, ಹುಟ್ಟುವ ಕೂಸಿನ ತೂಕ ಕಡಿಮೆಯಾಗಬಹುದೆಂಬುದನ್ನೂ ಆಶಾ ಕಾರ್ಯಕರ್ತೆಯ ಬಾಯಿಂದಲೇ ಕೇಳಿಸಬೇಕು.

ಲಗ್ನ ನಿಂತಿತೆಂದು ಕೈ ತೊಳೆದುಕೊಂಡರೆ ತಿಂಗಳೊಳಗೆ ಇನ್ನೊಂದೂರಲ್ಲಿ ಅದೇ ಲಗ್ನ ನಡೆದೀತು. ಪೋಷಕರಿಂದ ಮುಚ್ಚಳಿಕೆ ಬರೆಸಿಕೊಂಡು, ಅವರು ಗುಳೆ ಹೋದರೂ ಹುಡುಗಿ ಓದು ಮುಂದುವರಿಸುವಂತೆ ಕಸ್ತೂರಬಾ ಬಾಲಿಕಾ ವಿದ್ಯಾಲಯದಲ್ಲೋ ಸರ್ಕಾರಿ ಹಾಸ್ಟೆಲಿನಲ್ಲೋ ಸೀಟು ಕೊಡಿಸಿ.